ಇನ್ನೊಂದು ಮಳೆಗಾಲ ತಡೀತದೆ

ಅಪ್ಪಯ್ಯನ ಕೊಡೆಗೆ ವಯಸ್ಸೆಷ್ಟೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರದ ಹಿಡಿಕೆ, ಕಪ್ಪು ಹೋಗಿ ಬೂದಿಗೂ ಪಾಚಿಗೂ ನಡುವಿನ ಯಾವುದೋ ಬಣ್ಣಕ್ಕೆ ಬಂದು ನಿಂತ ಬಟ್ಟೆ, ಎರಡು ಕಡ್ಡಿಗಳಿಗೆ ತಂತಿಯ ಕಟ್ಟು. ಮೇ ತಿಂಗಳ ಕೊನೆಗೆ ಅದನ್ನು ಅಟ್ಟದಿಂದ ಇಳಿಸಿ, ಜಗುಲಿಯಲ್ಲಿ ಬಿಚ್ಚಿ, ತೂತುಗಳೊಳಗಿಂದ ಆಕಾಶ ನೋಡಿ, "ಇನ್ನೊಂದು ಮಳೆಗಾಲ ತಡೀತದೆ" ಎಂದು ತೀರ್ಪು ಕೊಡುತ್ತಿದ್ದರು. ನಮ್ಮೂರು ಅರಳಸುರಳಿ ಕಡೆಯ ಮಳೆ ಕಂಡವರಿಗೆ ಈ ತೀರ್ಪಿನ ಧೈರ್ಯ ತಿಳಿದೀತು. ಆ ಕೊಡೆಯ ಕೆಳಗಿದ್ದವರೂ ನೆನೆಯುತ್ತಿದ್ದರು; ಹೊರಗಿದ್ದವರಿಗಿಂತ ಸ್ವಲ್ಪ ನಿಧಾನವಾಗಿ, ಅಷ್ಟೇ.

ಕೊಡೆಗೆ ಮಾತ್ರವಲ್ಲ, ಹಳ್ಳದ ಸಂಕ, ಕೊಟ್ಟಿಗೆಯ ಕಂಬ, ನನ್ನ ಶಾಲೆಯ ಚಡ್ಡಿ, ಮೂರು ಗಂಟೆಗೆ ಹನ್ನೊಂದು ಹೊಡೆಯುವ ಗೋಡೆ ಗಡಿಯಾರ, ಎಲ್ಲದರ ಆಯುಸ್ಸನ್ನೂ ಅವರು ಮಳೆಗಾಲಗಳಲ್ಲೇ ಅಳೆಯುತ್ತಿದ್ದರು. ವರ್ಷ ಎಂಬುದು ಪಂಚಾಂಗದವರ ಲೆಕ್ಕ. ಬೇಸಗೆಯಲ್ಲಿ ಎಂಥ ವಸ್ತುವೂ ಬದುಕಿಕೊಳ್ಳುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ?

'ತಡೆ' ಎಂಬ ಎರಡಕ್ಷರದ ಮೇಲೆ ನನಗೆ ಮೋಹ ಹುಟ್ಟಿದ್ದು ಹೀಗೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟು ಕಾಲೇಜಿನ ದಿನಗಳಲ್ಲಿ ಮೊದಲ ಸಲ ಕೈಗೆ ಸಿಕ್ಕಾಗ, ಆ ಇಟ್ಟಿಗೆಯಂಥ ಪುಸ್ತಕದಲ್ಲಿ ನಾನು ಹುಡುಕಿದ ಮೊದಲ ಪದ ಅದೇ. ಅಡ್ಡಗಟ್ಟು, ನಿಲ್ಲಿಸು, ತಾಳು, ತಡಮಾಡು ಎಂದು ಅದರ ಅರ್ಥಗಳು ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ಕೂತಿವೆ. ತಡೆದೆ ಅಂದರೆ ಇನ್ನೊಬ್ಬರನ್ನು. ಬಾಲಕ್ಕೆ ಒಂದು 'ಕೊಳ್ಳು' ಸೇರಿಸಿ ತಡೆದುಕೊಂಡೆ ಅಂದುಬಿಟ್ಟರೆ, ಅಡ್ಡ ಬಂದವನೂ ನಾನೇ, ಹೋಗಲು ಬಿಡದವನೂ ನಾನೇ. ಕನ್ನಡ ವ್ಯಾಕರಣದಲ್ಲಿ ಈ 'ಕೊಳ್ಳು' ಬರೀ ಸಹಾಯಕ ಕ್ರಿಯಾಪದ. ಆದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಕೊಳ್ಳೂ ಅದೇ ಅಲ್ಲವೇ? ತಡೆದುಕೊಂಡವರು ಏನೋ ಬೆಲೆ ತೆತ್ತೇ ಕೊಂಡಿರುತ್ತಾರೆಂದು ನನಗೊಂದು ಗುಮಾನಿ.

ನಮ್ಮ ಕಡೆಯ ಬಾಯಲ್ಲಿ ತಡೆ 'ತಡಿ' ಆಗುತ್ತದೆ. ನಿಘಂಟಿನ ತಡಿಗೆ ಹೊಳೆಯ ದಡ, ಕುದುರೆಯ ಜೀನು ಎಂಬ ಅರ್ಥಗಳುಂಟು. ನಮ್ಮೂರಲ್ಲಿ ಕುದುರೆ ಇರಲಿಲ್ಲ. ನಮ್ಮ ತಡಿ ಎಂದರೆ ಸ್ವಲ್ಪ ಇರು, ಅವಸರ ಮಾಡಬೇಡ, ನಾನು ಹೇಳುವುದಿನ್ನೂ ಮುಗಿದಿಲ್ಲ, ಅಥವಾ ಹೇಳಲು ಏನೂ ತೋಚುತ್ತಿಲ್ಲ. ಹೊರಟು ನಿಂತ ನೆಂಟರಿಗೆ "ತಡೀರಿ, ಊಟ ಮಾಡ್ಕೊಂಡು ಹೋಗಿ." ಸಾಲ ಕೇಳಲು ಬಂದವರಿಗೆ "ತಡಿ ಮಾರಾಯ, ಅಡಿಕೆ ಕೊಯ್ಲಾಗ್ಲಿ." ಸಿಟ್ಟು ಬಂದಾಗಲೂ "ತಡಿ, ನಿಂಗೆ ಮಾಡ್ತೀನಿ!" ಈ ಕೊನೆಯದರಲ್ಲಿ ಒಂದು ಸೌಜನ್ಯವಿದೆ. ಹೊಡೆಸಿಕೊಳ್ಳುವವನಿಗೆ ಓಡಿಹೋಗಲು ಬೇಕಾದಷ್ಟು ವ್ಯವಧಾನವನ್ನು ಆ ಪದವೇ ಕೊಟ್ಟಿರುತ್ತದೆ.

ನಮ್ಮೂರಿನ ಬಸ್ಸು ನಡೆಯುತ್ತಿದ್ದದ್ದೂ ಈ ಪದದ ಮೇಲೆಯೇ. ತೋಟದ ಆಚೆಯಿಂದ ಯಾರೋ "ತಡೀರೀ" ಎಂದು ಕೂಗಿದರೆ ಸಾಕು, ಕಾಣದ ಆ ಮನುಷ್ಯನಿಗಾಗಿ ಇಡೀ ಬಸ್ಸು ಕಾಯುತ್ತಿತ್ತು. ಕಂಡಕ್ಟರು ಇಳಿದು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಕೊನೆಗೆ ಒಬ್ಬರು ಏದುಸಿರು ಬಿಡುತ್ತ ಬಂದು, ಒಂದು ಬಾಳೆಗೊನೆ ಹತ್ತಿಸಿ, ತಾವು ಬರುವುದಿಲ್ಲವೆಂದು ತಿರುಗಿ ಹೋಗುತ್ತಿದ್ದರು. ಮುಂದೆ ನಾನು ಶಿವಮೊಗ್ಗದ ನಿಲ್ದಾಣದಲ್ಲಿ ಹಣೆಯ ಮೇಲೆ 'ತಡೆರಹಿತ' ಎಂದು ಬರೆದುಕೊಂಡ ಬಸ್ಸನ್ನು ಮೊದಲ ಸಲ ಕಂಡಾಗ, ಇದು ಯಾರಿಗೂ ಬೇಡದವರ ಬಸ್ಸಿರಬೇಕು ಅನ್ನಿಸಿತ್ತು.

ಅಪ್ಪಯ್ಯ ಸ್ವತಃ ಬಹಳ ತಡೆದುಕೊಳ್ಳುವ ಮನುಷ್ಯ. ಅವರು ನಕ್ಕದ್ದನ್ನು ಕಂಡದ್ದೇ ಕಡಿಮೆ. ಒಮ್ಮೆ ಸತ್ಯನಾರಾಯಣ ಕಥೆಯಲ್ಲಿ ಸಾಹುಕಾರನ ಹಡಗು ಮುಳುಗುವ ಹೊತ್ತಿಗೆ ಸರಿಯಾಗಿ ಭಟ್ಟರಿಗೆ ಸೀನು ಬಂತು. ಬಂದದ್ದು ಬಾಗಿಲಲ್ಲೇ ನಿಂತಿತು. ಬಾಯಿ ತೆರೆದು, ಕಣ್ಣು ಕಿರಿದು ಮಾಡಿ, ಭಟ್ಟರು ಮಾಡಿನತ್ತ ನೋಡುತ್ತ ಕೂತರು. ಹಡಗು ಮುಳುಗಲೂ ಇಲ್ಲ, ತೇಲಲೂ ಇಲ್ಲ. ಮಕ್ಕಳೆಲ್ಲ ಬಾಯಿಗೆ ಪಂಚೆಯ ತುದಿ, ಲಂಗದ ತುದಿ ತುರುಕಿಕೊಂಡೆವು. ಅಪ್ಪಯ್ಯ ತಿರುಗಿ ನಮ್ಮನ್ನು ಸುಡುವಂತೆ ನೋಡಿ, "ತಡ್ಕಳಿ" ಅಂದರು. ಆದರೆ ಅವರ ಬೆನ್ನು ನಮ್ಮ ಕಡೆಗಿತ್ತಲ್ಲ, ಶಲ್ಯದ ಕೆಳಗೆ ಅದು ಮಂಗಳಾರತಿಯವರೆಗೂ ಕುಲುಕುತ್ತಲೇ ಇತ್ತು.

ಅರಳಸುರಳಿ ಎಂಬ ಹೆಸರಿನಲ್ಲೇ ಈ ತಡೆದುಕೊಳ್ಳುವ ಗುಣ ಇದೆಯೆಂದು ನಾನು ಆಗಾಗ ಸುಮ್ಮನೆ ಅಂದುಕೊಳ್ಳುವುದುಂಟು: ಅರಳಲು ಹೊರಟು, ಯಾರೋ ನೋಡಿದರೆಂದು ಸುರುಳಿ ಸುತ್ತಿಕೊಂಡ ಹಾಗೆ. ಸ್ಥಳನಾಮ ಪಂಡಿತರು ಕ್ಷಮಿಸಬೇಕು.

ಅಜ್ಜಿಯದು ಇನ್ನೊಂದು ಬಗೆ. ಶರಾವತಿ ಹುಟ್ಟುವುದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ರಾಮ ಬಾಣ ಬಿಟ್ಟು ಚಿಮ್ಮಿಸಿದ ನೀರು ಅದು. ಆ ಬಾಣದ ನೀರನ್ನು 1964ರ ಹೊತ್ತಿಗೆ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆದರು. ತಡೆದ ನೀರು ಹಿಂದೆ ಹಿಂದೆ ಸರಿದು ಹೊಸನಗರದ ಕಡೆಗೂ ಬಂತು. ಅದರಲ್ಲಿ ಅಜ್ಜಿಯ ತವರೂ ಹೋಯಿತು. ಮಳೆಗಾಲದಲ್ಲಿ ಅಪ್ಪಯ್ಯ ಪೇಪರು ಬಿಡಿಸಿದರೆ ಮೊದಲು ಓದುತ್ತಿದ್ದದ್ದು ಜಲಾಶಯದ ಮಟ್ಟ. "ಎಷ್ಟಾಯ್ತಂತಾ?" ಎಂದು ಅಜ್ಜಿ ಒಳಗಿನಿಂದ ಕೇಳುವ ದನಿ ಆಸ್ಪತ್ರೆ ಸೇರಿದವರ ಜ್ವರ ವಿಚಾರಿಸುವಂತಿರುತ್ತಿತ್ತು. ಗರಿಷ್ಠ ಮಟ್ಟ 1819 ಅಡಿ. ಅಕ್ಷರ ಬಾರದ ಅಜ್ಜಿಗೆ ಆ ಅಂಕಿ ಬಾಯಿಪಾಠ. "ನಿನ್ನ ಅಪ್ಪನ ಮನೆ ಹೇಗಿತ್ತಜ್ಜಿ?" ಎಂದು ನಾವು ಕೇಳಿದರೆ, "ತಡಿ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಎದ್ದು ಹೋಗುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಯ ಒಲೆಯ ಮೇಲೆ ಹಾಲಿರುತ್ತಿರಲಿಲ್ಲ.

ಒಂದು ಬರದ ಬೇಸಗೆಯಲ್ಲಿ ನೀರು ತಳ ಕಂಡು, ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದ ಚಿತ್ರ ಪೇಪರಿನಲ್ಲಿ ಬಂದಿತ್ತು. ಹಳೆಯ ಒಡ್ಡನ್ನು ಹೊಸ ಒಡ್ಡಿನ ನೀರು ನುಂಗಿದ ಕತೆಯನ್ನು ಅಪ್ಪಯ್ಯ ಓದಿ ಹೇಳಿದರು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಅಯ್ಯೋ ಪಾಪ, ಅದಕ್ಕೂ ಮುಳುಗಡೆಯಾ! ಪರಿಹಾರ ಎಷ್ಟು ಕೊಟ್ರಂತೆ?" ಎಂದು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ಸೆರಗು ಸ್ವಲ್ಪ ಹೊತ್ತು ಕಣ್ಣ ಮೇಲೇ ಇತ್ತು.

ಅವಳು ಹೋದ ಮೇಲೂ ಅಪ್ಪಯ್ಯ ಮಟ್ಟ ಓದುವುದನ್ನು ಬಿಡಲಿಲ್ಲ. ಒಳಗಿನಿಂದ ಯಾರೂ ಕೇಳುತ್ತಿರಲಿಲ್ಲ, ಆದರೂ ಜೋರಾಗಿಯೇ ಓದುತ್ತಿದ್ದರು.

ನಾನು ಬೆಂಗಳೂರಿನವನಾಗಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಮೇ ತಿಂಗಳ ಕೊನೆಗೆ ಊರಿಗೆ ಹೋಗಿದ್ದೆ. ಕೊಡೆ ಇಳಿಸಲು ಅಟ್ಟ ಹತ್ತುವುದು ಅವರಿಗೆ ಆಗುತ್ತಿರಲಿಲ್ಲ, ನಾನೇ ಇಳಿಸಿಕೊಟ್ಟೆ. ಜಗುಲಿಯಲ್ಲಿ ಬಿಚ್ಚಿ, ಎಂದಿನಂತೆ ತೂತುಗಳೊಳಗಿಂದ ನೋಡಿದರು. "ಇದೇನೋ ಇನ್ನೊಂದು ಮಳೆಗಾಲ ತಡೀತದೆ" ಅಂದರು. 'ಇದೇನೋ' ಎಂಬ ಮಾತು ಮೊದಲಿನ ತೀರ್ಪುಗಳಲ್ಲಿ ಇರಲಿಲ್ಲ. ನಾನು ಕೇಳಿಸದವನಂತೆ ಚೀಲ ಕಟ್ಟಿದೆ.

ಹೊರಡುವಾಗ ತಡಬೆಯವರೆಗೂ ಬಂದರು. ನಾನು ದಾಟಿ ಆಚೆ ಇಳಿದೆ. ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ತಡಿ" ಅಂದರು.

ನಿಂತೆ. ಅವರು ಬೇಲಿಯ ಮೇಲಿನ ಒಂದು ಒಣಗಿದ ಬಳ್ಳಿಯನ್ನು ಎಳೆದು ತೆಗೆದರು. ಇನ್ನೊಂದನ್ನೂ ತೆಗೆದರು.

"ಎಂಥ ಅಪ್ಪಯ್ಯ?"

"ಎಂಥದೂ ಇಲ್ಲ. ಬಸ್ಸು ತಡೆಯಲ್ಲ, ಹೋಗು."