ಸೈಕಲ್ಲಿಗೆ ಮೋಟರು ಕೂಡಿಸಿದ್ದು

ಬಾವಧನದಿಂದ ಕೋಥರೂಡಕ್ಕೆ ಸೈಕಲ್ಲಿನ ಮೇಲೆ ಹೋಗುವುದು ಸುಲಭ. ಕೋಥರೂಡದಿಂದ ಬಾವಧನಕ್ಕೆ ಬರುವುದೇ ಕಷ್ಟ. ಪುಣೆಯನ್ನು ಕಾಣದ ವಾಚಕರಿಗೆ ಇದು ಒಗಟೆನಿಸಬಹುದು. ನಡುವೆ ಚಾಂದಣಿ ಚೌಕದ ಏರು ಇದೆ. ೨೦೨೨ರಲ್ಲಿ ಅಲ್ಲಿಯ ಹಳೆಯ ಸೇತುವೆಯನ್ನು ಮದ್ದಿಟ್ಟು ಕೆಡವಿ ಹೊಸ ಹಾದಿಗಳನ್ನು ಹಾಕಿದರು. ಹಾದಿ ಹೊಸದಾಯಿತು, ಏರು ಮಾತ್ರ ಹಳೆಯದೇ ಉಳಿಯಿತು. ನನಗೆ ಬೇಕಾದ ಕಾಯಿಪಲ್ಯ, ಹಳೆಯ ಗೆಳೆಯರು, ತಿಂಗಳಿಗೆರಡು ಸಲ ಕನ್ನಡ ಮಾತು ಕಿವಿತುಂಬ ಬೀಳುವ ನಮ್ಮ ಕೂಟ, ಎಲ್ಲವೂ ಕೆಳಗೆ, ಮನೆ ಮೇಲೆ. ಅರವತ್ತೇಳನೆಯ ವರ್ಷಕ್ಕೆ ನನ್ನ ಬಲಮೊಣಕಾಲು ಈ ಏರಿನೊಡನೆ ಅಸಹಕಾರ ಹೂಡಿತು.

ಮಗ ಹೈದರಾಬಾದಿನಿಂದ ಫೋನು ಮಾಡಿ, "ಅಪ್ಪಾ, ಸೈಕಲ್ ಸಾಕು ಮಾಡ್ರಿ, ರಿಕ್ಷಾದಾಗ ಹೋಗ್ರಿ" ಎಂದ. ಹೇಳುವುದು ಸುಲಭ. ಐವತ್ತು ವರ್ಷ ಬೇಕಾದಾಗ ಬೇಕಾದಲ್ಲಿಗೆ ಹೋಗಿ ಬಂದವನು ರಿಕ್ಷಾದವನನ್ನು "ಯೇಣಾರ ಕಾ?" ಎಂದು ಕೇಳಿ, ಅವನು ತಲೆಯಲ್ಲಾಡಿಸಿ ಮುಂದೆ ಹೋದಾಗ ಚೀಲ ಹಿಡಿದು ನಿಂತಲ್ಲೇ ನಿಲ್ಲುವುದು ಎಂಥದೆಂಬುದು ಮೂವತ್ತೈದು ವರ್ಷದವರಿಗೆ ತಿಳಿಯುವಂಥದಲ್ಲ. ನಾನು ಯಾರಿಗೂ ಹೇಳದೆ ಸೈಕಲ್ಲಿಗೆ ಕೂಡಿಸುವ ವಿದ್ಯುತ್ ಮೋಟರಿನ ಸಾಮಾನು ತರಿಸಿದೆ. ೨೫೦ ವ್ಯಾಟಿನೊಳಗಿನ ಬಲ, ತಾಸಿಗೆ ೨೫ ಕಿಲೋಮೀಟರಿನೊಳಗಿನ ವೇಗ ಇರುವ ಇಂಥ ಸೈಕಲ್ಲನ್ನು ನಮ್ಮ ಕಾಯಿದೆ ಮೋಟರು ವಾಹನವೆಂದು ಎಣಿಸುವುದಿಲ್ಲ. ಲೈಸೆನ್ಸು ಬೇಡ, ನಂಬರಿನ ಹಲಗೆ ಬೇಡ. ಈ ವಯಸ್ಸಿನಲ್ಲಿ ಇನ್ನೊಂದು ಪರೀಕ್ಷೆ ತಪ್ಪಿತಲ್ಲ ಎಂದು ಅದೊಂದು ಸಂತೋಷ.

ಮೋಟರು ಕೂಡಿಸಬೇಕೆಂದಿದ್ದುದು ನಮ್ಮ ತಂದೆಯವರ ಕರಿಯ ಸೈಕಲ್ಲಿಗೆ. ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಅವರು ಮಾಸ್ತರಿಕೆ ಮಾಡಿದ್ದು ಅದರ ಮೇಲೆಯೇ. ಅವರು ತೀರಿಕೊಂಡ ಮೇಲೆ ಅದು ಗೋಣಿಚೀಲ ಸುತ್ತಿಸಿಕೊಂಡು ಹುಬ್ಬಳ್ಳಿಯಿಂದ ರೈಲಿನ ಸಾಮಾನಿನ ಡಬ್ಬಿಯಲ್ಲಿ ಪುಣೆಗೆ ಬಂತು. ಅದಕ್ಕೆ ಬಲ ಬಂದರೆ ತಂದೆಯವರೇ ಹಿಂದಿನಿಂದ ದೂಡಿದಂತಾದೀತೆಂದು ನನ್ನ ಹುಚ್ಚು. ನಮ್ಮ ಓಣಿಯ ಸೈಕಲ್ ಮಿಸ್ತ್ರಿ ಅದರ ಸರಳಿನ ಬ್ರೇಕನ್ನು ಎರಡು ಸಲ ಹಿಡಿದು ಬಿಟ್ಟು ನೋಡಿದ. "ಕಾಕಾ, ಮಳೆಯಲ್ಲಿ ಇದು ನಿಲ್ಲುತ್ತದೆಯೇ?" ಎಂದು ಮರಾಠಿಯಲ್ಲಿ ಕೇಳಿದ. ನಿಲ್ಲುವುದಿಲ್ಲ. ಹಲಗೇರಿಯ ಹಾದಿಯಲ್ಲಿ ಚಪ್ಪಲಿಯನ್ನು ನೆಲಕ್ಕೊತ್ತಿ ನಿಲ್ಲಿಸಿದವನು ನಾನೇ. "ನಿಲ್ಲಲು ಬಾರದ ಗಾಡಿಗೆ ಓಡುವ ಬಲ ಕೊಡುತ್ತೀರಾ?" ಎಂದು ಅವನು ತನ್ನ ಪಂಕ್ಚರಿನ ಕೆಲಸಕ್ಕೆ ತಿರುಗಿದ. ಕೊನೆಗೆ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಡಿಸ್ಕ್ ಬ್ರೇಕಿನ ಸೈಕಲ್ಲೇ ಗತಿಯಾಯಿತು. ತಂದೆಯವರ ಸೈಕಲ್ಲಿಗೆ ತಿರುಗಿ ಗೋಣಿಚೀಲ ಹೊದಿಸುವಾಗ ನಾನು ಅದರ ಕಡೆಗೆ ಸರಿಯಾಗಿ ನೋಡಲಿಲ್ಲ.

ಜೋಡಣೆಗೆ ಎರಡು ದಿನ ಹಿಡಿಯಿತು. ಮೋಟರು ಹಿಂಚಕ್ರದ ಗುಂಬದಲ್ಲಿಯೇ ಅಡಗಿದೆ; ಹಳೆಯ ಚಕ್ರ ತೆಗೆದು ಇದನ್ನು ಕೂಡಿಸಬೇಕು. ಬ್ಯಾಟರಿ ನಡುವಿನ ಕೊಳವೆಯ ಮೇಲೆ. ಪೆಡಲಿನ ಅಚ್ಚಿಗೆ ಅಯಸ್ಕಾಂತದ ಹರಳುಗಳಿರುವ ಒಂದು ಬಿಲ್ಲೆ. ಕಾಲು ತುಳಿಯುತ್ತಿದೆಯೋ ಇಲ್ಲವೋ ಎಂಬುದನ್ನು ಮೋಟರಿಗೆ ಹೇಳುವ ಚಾಡಿಕೋರ ಅದೇ. ಬ್ರೇಕಿನ ಹಿಡಿಗಳನ್ನೂ ಬದಲಿಸಬೇಕು. ಹೊಸ ಹಿಡಿಯನ್ನು ಒತ್ತಿದೊಡನೆ ಮೋಟರಿಗೆ ಹೋಗುವ ವಿದ್ಯುತ್ತು ಕಡಿಯುತ್ತದೆ. ಎಲ್ಲ ಮುಗಿದಾಗ ಒಂದು ಉಕ್ಕಿನ ಪಟ್ಟಿ ಉಳಿಯಿತು. ಗಡಿಯಾರ ಬಿಚ್ಚಿ ಕೂಡಿಸಿದ ಮಹನೀಯರಿಗೆಲ್ಲ ಈ ಅನುಭವ ಉಂಟು. ಹೆಚ್ಚಿಗೆ ಕೊಟ್ಟಿರಬೇಕೆಂದು ಮೊಳೆಯ ಡಬ್ಬಿಗೆ ಹಾಕಿದೆ.

ಮೊದಲ ದಿನ ಚಾಂದಣಿ ಚೌಕದ ಏರಿನಲ್ಲಿ, ಪಾಯಸದಲ್ಲಿ ದ್ರಾಕ್ಷಿ ಬಂದಷ್ಟು ಸಲೀಸಾಗಿ ಮೇಲೆ ಬಂದೆ. ಮೊಣಕಾಲು ಮಾತಾಡಲಿಲ್ಲ. ಐದನೆಯ ದಿನ ಹಿಂದೆ 'ಕಟ್' ಎಂದಿತು. ಮಿಸ್ತ್ರಿ ಬಗ್ಗಿ ನೋಡಿ, "ಪೆಟ್ಟಿಗೆಯಲ್ಲಿ ಒಂದು ಪಟ್ಟಿ ಇತ್ತಲ್ಲ, ಎಲ್ಲಿ ಕಾಕಾ?" ಎಂದ. ಸಾಮಾನ್ಯ ಚಕ್ರದ ಅಚ್ಚು ಬಡಪಾಯಿ, ಸುಮ್ಮನಿರುತ್ತದೆ. ಮೋಟರಿನ ಚಕ್ರ ಮುಂದಕ್ಕೆ ತಿರುಗಿದ ಬಲದಲ್ಲಿ ಅದರ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ಚೌಕಟ್ಟಿಗೆ ಬಿಗಿಹಿಡಿಯುವುದೇ ಆ ಪಟ್ಟಿಯ ಕೆಲಸ. ಅದಿಲ್ಲದೆ ನಟ್ಟು ಸಡಿಲಾಗಿ, ಅಚ್ಚು ಅಲುಗಿ, ತಂತಿಯ ಹೊದಿಕೆ ಸವೆಯಲಾರಂಭಿಸಿತ್ತು. ಇನ್ನೆರಡು ದಿನ ಹೋಗಿದ್ದರೆ ಇಳಿಜಾರಿನಲ್ಲಿ ಚಕ್ರವೇ ಕಳಚುತ್ತಿತ್ತೇನೋ. ಈ ಮಾತನ್ನು ಮನೆಯಲ್ಲಿ ಹೇಳಿಲ್ಲ. ಈ ಪತ್ರಿಕೆ ಮನೆಗೆ ಬರುತ್ತದೆಂಬುದು ಈಗ ನೆನಪಾಯಿತು.

ಅಂದಿನಿಂದ ಪ್ರತಿ ರವಿವಾರ ಪಾನಾ ಹಿಡಿದು ಕೂಡುತ್ತೇನೆ. ಅಚ್ಚಿನ ನಟ್ಟು ಬಿಗಿಯಿದೆಯೇ, ಹಿಂಚಕ್ರದ ಕಡ್ಡಿಗಳು ಬೆರಳಿಗೆ ಒಂದೇ ನಾದ ಕೊಡುತ್ತವೆಯೇ, ಬ್ರೇಕಿನ ಪ್ಯಾಡು ಎಷ್ಟು ಸವೆದಿದೆ, ಇವಿಷ್ಟನ್ನು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಪುಣೆಯ ಮಳೆಗಾಲಕ್ಕೆಂದು ತಂತಿಗಳನ್ನು ಒಳಹೋಗುವ ಮುನ್ನ ತುಸು ಕೆಳಗೆ ಜೋಲುಬಿಟ್ಟಿದ್ದೇನೆ. ನೀರು ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ. ಪೈಪು ಹಿಡಿದು ತೊಳೆಯುವುದಂತೂ ಇಲ್ಲ. ಒದ್ದೆ ಅರಿವೆಯಿಂದ ಒರಸಿದರಾಯಿತು.

ನಿಜವಾದ ಗಂಡಾಂತರ ಬಂದುದು ಬ್ಯಾಟರಿಯಿಂದ. ಅದು ೩೬ ವೋಲ್ಟಿನದು, ೧೦ ಆಂಪಿಯರ್ ತಾಸಿನದು; ತುಂಬಲು ಅರ್ಧ ಯುನಿಟ್ಟೂ ಬೇಡ, ಆದರೆ ಐದಾರು ತಾಸು ಬೇಕು. ರಾತ್ರಿ ಮುಂಬಾಗಿಲ ಪಕ್ಕದ ಪ್ಲಗ್ಗಿಗೆ ಹಚ್ಚಿ ಮಲಗಿದೆ. ಎರಡು ಗಂಟೆಗೆ ಎಚ್ಚರಾಗಿ ನೋಡುತ್ತೇನೆ, ನನ್ನಾಕೆ ಪ್ಲಗ್ಗು ಕಿತ್ತು ಕತ್ತಲೆಯಲ್ಲಿ ಕುಳಿತಿದ್ದಾಳೆ. ನಾನು ರೇಗಿದೆ. "ಇದಕ್ಕ ಬೆಂಕಿ ಹತ್ತಿದರ ನಾವು ಯಾವ ಕಡಿಂದ ಓಡೂದ್ರೀ? ಬಾಗಿಲದಾಗ ಇಟ್ಟೀರಲ್ಲ?" ಎಂದಳು. ಮೋಟರಿನ ಬಗ್ಗೆ ಒಂದು ತಿಂಗಳು ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಲಿಥಿಯಂ ಬ್ಯಾಟರಿಗೆ ಒಮ್ಮೆ ಬೆಂಕಿ ಹತ್ತಿದರೆ ಆರಿಸುವುದು ಬಲು ಕಷ್ಟ. ಮಲಗಿದ ಮನೆಯಲ್ಲಿ, ಹೊರಹೋಗುವ ದಾರಿಯಲ್ಲಿ ಅದನ್ನು ತುಂಬಿಸಬಾರದು. ಮೂರು ದಿನ ಮಾತಿಲ್ಲದೆ ಕಳೆದವು. ನಾಲ್ಕನೆಯ ದಿನ ನಾನೇ ಬ್ಯಾಟರಿಯನ್ನು ಹಿತ್ತಿಲ ಕಡೆಯ ಬಾಲ್ಕನಿಯ ಕಲ್ಲುನೆಲದ ಮೇಲೆ ಒಯ್ದಿಟ್ಟೆ, ಹಗಲು ಹೊತ್ತಿನಲ್ಲಿ.

ಈಗ ಚಾರ್ಜರಿನ ದೀಪ ಕೆಂಪಾಗಿರುವಷ್ಟು ಹೊತ್ತೂ ಅವಳು ಬಾಲ್ಕನಿಯ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಲೋ ಸೊಪ್ಪು ಸೋಸುತ್ತಲೋ ಕುಳಿತಿರುತ್ತಾಳೆ. "ರೀ, ಹಸಿರು ಆತು, ತೆಗೀರಿ" ಎಂದು ಕೂಗುತ್ತಾಳೆ. ನಾನು ಬಂದು ಪ್ಲಗ್ಗು ತೆಗೆದ ಮೇಲೆಯೇ ಮೊರ ಎತ್ತಿಕೊಂಡು ಒಳಗೆ ಹೋಗುತ್ತಾಳೆ.