ಕಾಲು ಹಿಡಿಯುವ ಕಸುಬು

ಚಕ್ಕೋತ ಕೊಳ್ಳುವವರು ತೆಳು ಸಿಪ್ಪೆಯ ಹಣ್ಣು ಹುಡುಕುತ್ತಾರೆ. ನನಗೆ ಬೇಕಾದ್ದು ದಪ್ಪ ಸಿಪ್ಪೆಯದು. ಬೆಂಗಳೂರಿನ ಅರೆಕೆರೆ ಗೇಟಿನ ಹಣ್ಣಿನ ಗಾಡಿಯವನು ಇದನ್ನು ನನ್ನ ಒಂದು ಹುಚ್ಚು ಅಂತಲೇ ಒಪ್ಪಿಕೊಂಡುಬಿಟ್ಟಿದ್ದಾನೆ. ಆ ಹಣ್ಣು ಸೀದಾ ಡ್ರೆಸ್ಸಿಂಗ್ ಟ್ರೇಗೆ ಹೋಗುತ್ತದೆ ಎಂದರೆ ಅವನು ನಂಬಲಿಕ್ಕಿಲ್ಲ.

ಸಕ್ಕರೆ ಕಾಯಿಲೆಯವರ ಪಾದದ ಗಾಯ ನೋಡುವುದು ನನ್ನ ಕಸುಬು. ಅದನ್ನು ಕಿರಿಯ ಡಾಕ್ಟರುಗಳಿಗೂ ನರ್ಸುಗಳಿಗೂ ಕಲಿಸುವುದು ಭಾನುವಾರದ ಚಟ. ಪುಸ್ತಕ ಓದಿ, ಸ್ಲೈಡು ನೋಡಿ ಈ ವಿದ್ಯೆ ಬರುವುದಿಲ್ಲ, ಕೈಗೇ ಕಲಿಸಬೇಕು. ಅದಕ್ಕೇ ಚಕ್ಕೋತ. ಹೊರಗಿನ ಹಸಿರು ಸಿಪ್ಪೆ ಹೆರೆದರೆ ಒಳಗೆ ಬಿಳಿಯ ಬೆಂಡು, ಪಾದದ ಜಡ್ಡಿನ ಬದಲಿಗೆ ನಾವು ಹೆರೆದು ಕಲಿಯುವುದು ಅದನ್ನೇ. ಬ್ಲೇಡನ್ನು ನೆಟ್ಟಗೆ ಹಿಡಿಯಬಾರದು, ಮಲಗಿಸಬೇಕು. ಒತ್ತಬಾರದು, ಜಾರಿಸಬೇಕು. ಎಡಗೈ ಹೆಬ್ಬೆರಳು ಪಕ್ಕದ ಭಾಗವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ತೆಗೆದ ಪದರವನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಮಸುಕಾಗಿ ಕಾಣಬೇಕು. ತೊಳೆಯ ಪೊರೆ ಹರಿದು ರಸ ಜಿನುಗಿತೋ, ಇನ್ನೊಂದು ಹಣ್ಣು! ಹೊಸಬರ ಬ್ಲೇಡಿಗೆ ಮೊದಮೊದಲು ತುಂಡು ತುಂಡಾಗಿ ಬರುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಮಣಿಕಟ್ಟು ಸಡಿಲಾಗಿ ಪದರ ಸುರುಳಿ ಸುರುಳಿಯಾಗಿ ಏಳತೊಡಗುತ್ತದೆ. ಆ ಗಳಿಗೆಯಲ್ಲಿ ಕಲಿಯುವವರ ಮುಖ ನೋಡುವುದಕ್ಕೆ ನಾನು ಯಾವ ಸಿನಿಮಾವನ್ನಾದರೂ ಬಿಟ್ಟೇನು.

ಮುಂದಿನ ಪಾಠ ಮೇಕೆ ಕಾಲಿನದು. ಮಟನ್ ಅಂಗಡಿಯವರು ‘ಸುಟ್ಟು ಕೊಡ್ಲಾ ಸಾರ್, ಸೂಪಿಗಾ?’ ಎನ್ನುತ್ತಾರೆ. ‘ಸುಡಬೇಡಪ್ಪಾ, ಹಾಗೇ ಕೊಡು’ ಎಂದರೆ ವಿಚಿತ್ರವಾಗಿ ನೋಡುತ್ತಾರೆ. ಅದರಲ್ಲಿ ಒಂದು ಗಾಯ ಮಾಡಿ, ಮೊಂಡು ತುದಿಯ ಸ್ಟೀಲ್ ಕಡ್ಡಿಯನ್ನು ಮೆಲ್ಲಗೆ ಇಳಿಬಿಡುವುದು. ಮಾಂಸವಾದರೆ ಕಡ್ಡಿ ಮೆತ್ತಗೆ ನಿಲ್ಲುತ್ತದೆ. ಮೂಳೆಯಾದರೆ ‘ಟಕ್’. ಆ ‘ಟಕ್’ ಬೆರಳಿಗೆ ಒಮ್ಮೆ ಗೊತ್ತಾದರೆ ಮರೆಯುವಂಥದ್ದಲ್ಲ. ರೋಗಿಯ ಸೋಂಕಾದ ಗಾಯದಲ್ಲಿ ಅದು ಸಿಕ್ಕಿದರೆ ಸೋಂಕು ಮೂಳೆಗೂ ಇಳಿದಿರಬಹುದೆಂದು ಎಚ್ಚರಗೊಳ್ಳಬೇಕು, ಎಕ್ಸ್‌ರೇ ತೆಗೆಸಬೇಕು. ಸಸ್ಯಾಹಾರಿ ನರ್ಸುಗಳು ಆರಂಭದಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ನನ್ನ ಅನುಭವದಲ್ಲಿ ಅವರ ಕೈಯೇ ಹೆಚ್ಚು ಹಗುರ.

ಇನ್ನು ನಿಜವಾದ ಪಾದ. ಇಲ್ಲಿ ಮೊದಲ ತೊಡಕು ವೈದ್ಯಕೀಯದ್ದೇ ಅಲ್ಲ. ಪಾದಕ್ಕೆ ಕೈ ಹಾಕುತ್ತಿದ್ದಂತೆ ಹುಳಿಮಾವಿನ ಕಡೆಯ ಅಜ್ಜಿಯರು ಕಾಲು ಎಳೆದುಕೊಳ್ಳುತ್ತಾರೆ: ‘ಅಯ್ಯೋ ಬ್ಯಾಡಿ ಡಾಕ್ಟ್ರೇ, ನೀವು ನನ್ನ ಕಾಲು ಮುಟ್ಟೋದಾ? ಪಾಪ ಸುತ್ಕೊಳ್ಳುತ್ತೆ!’ ‘ಪಾಪ ನನಗಿರ್ಲಿ ಅಜ್ಜಿ, ಕಾಲು ಇತ್ತ ಕೊಡಿ’ ಎನ್ನಬೇಕು. ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಚರ್ಮ ಹಳದಿ ತಿರುಗಿರುತ್ತದೆ. ಅದರ ನಡುವೆ ಕಂದು ಕಲೆ ಕಂಡರೆ ಒಳಗೆ ರಕ್ತ ಸೋರಿದೆ ಎಂದರ್ಥ, ಎಷ್ಟೋ ಸಲ ಕೆಳಗೊಂದು ಗಾಯ ಅಡಗಿ ಕೂತಿರುತ್ತದೆ. ಆ ಜಡ್ಡು ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ ಹೆಜ್ಜೆ ಹೆಜ್ಜೆಗೂ ಒತ್ತುತ್ತದೆ, ಜೋಮು ಹಿಡಿದ ಪಾದಕ್ಕೆ ಮಾತ್ರ ಅದರ ಸುದ್ದಿಯೇ ಇಲ್ಲ. ಅದನ್ನು ಹೆರೆದು ತೆಗೆದರೆ ಆ ಜಾಗದ ಒತ್ತಡ ಸುಮಾರು ಶೇ. 25ರಿಂದ 30ರಷ್ಟು ಇಳಿಯುತ್ತದೆ. ಔಷಧಿಯಿಲ್ಲ, ಇಂಜೆಕ್ಷನ್ನಿಲ್ಲ, ಒಂದು ಬ್ಲೇಡು ಮತ್ತು ತಾಳ್ಮೆ. (ಹಾಗೆಂದು ಮನೆಯಲ್ಲಿ ಬ್ಲೇಡು ಹಿಡಿದು ಕೂರಬೇಡಿ. ಅಂಗಡಿಯ ಕಾರ್ನ್ ಕ್ಯಾಪೂ ಬೇಡ. ಅದರಲ್ಲಿರುವ ಆಸಿಡ್ಡು ಆಣಿಯ ಜತೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ.)

ಈ ವಿದ್ಯೆಯ ಬೇರು ನಮಗೆ ಹತ್ತಿರದಲ್ಲೇ ಇದೆ. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠವೇ ಮಾಂಸ ತಿನ್ನುತ್ತದೆ ಎಂದು ಜನ ನಂಬಿದ್ದ ಕಾಲ ಅದು. ನೋವು ಗೊತ್ತಾಗದ ಪಾದದ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ಗಾಯವಾಗುತ್ತದೆ ಎಂದು ಅವರು ತೋರಿಸಿದರು. ಪಾದಕ್ಕೆ ಅಂಟಿದಂತೆ ಪ್ಲಾಸ್ಟರ್ ಕಟ್ಟಿ ಭಾರವನ್ನು ಅಂಗಾಲಿಗೆಲ್ಲ ಹಂಚುವ ಉಪಾಯವನ್ನು ಕುಷ್ಠರೋಗಿಗಳಿಂದ ಸಕ್ಕರೆ ಕಾಯಿಲೆಯವರಿಗೆ ದಾಟಿಸಿದವರೂ ಅವರೇ. ಕುಷ್ಠರೋಗಿಗಳಿಗೆ ಹಂಚುತ್ತಿದ್ದ ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯೇ ಇಂದು ನಮ್ಮ ಶುಗರ್ ರೋಗಿಗಳ ಕಾಲಲ್ಲಿದೆ. ನನ್ನ ತೀರ್ಮಾನ ಕೇಳಿದರೆ, ಬೆಳ್ಳಿ ಬೆರೆಸಿದ ದುಬಾರಿ ಡ್ರೆಸ್ಸಿಂಗಿಗೆ ಸುರಿಯುವ ದುಡ್ಡಿನಲ್ಲಿ ಅರ್ಧ ಚಪ್ಪಲಿಗೆ ಹಾಕಿದರೆ ಗಾಯ ಬೇಗ ಮಾಯುತ್ತದೆ. ಕಂಪನಿಯ ಪ್ರತಿನಿಧಿಗಳಿಗೆ ಈ ಮಾತು ಹಿಡಿಸುವುದಿಲ್ಲ.

2004ರ ಸುಮಾರಿಗೆ ಭಾರತದಲ್ಲೂ ತಾಂಜಾನಿಯಾದಲ್ಲೂ ಶುರುವಾದ, ಸಕ್ಕರೆ ಕಾಯಿಲೆಯವರ ಪಾದ ನೋಡಿಕೊಳ್ಳುವುದನ್ನು ಕಲಿಸುವ ‘ಸ್ಟೆಪ್ ಬೈ ಸ್ಟೆಪ್’ ತರಬೇತಿಯಲ್ಲಿ ನನಗೆ ಹಿಡಿಸಿದ ಒಂದು ನಿಯಮವಿತ್ತು: ಡಾಕ್ಟರು ಮತ್ತು ನರ್ಸು ಜೋಡಿಯಾಗಿ ಬಂದು ಕಲಿಯಬೇಕು. ನಾನೂ ಅದನ್ನೇ ಹಿಡಿದಿದ್ದೇನೆ. ಜಯನಗರದ ಕಡೆ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ಒಂದು ಪೊಡಿಯಾಟ್ರಿ ವಿಭಾಗವಿದೆ. ಆದರೆ ಗಾಯ ಮೊದಲು ಬರುವುದು ಬೀದಿಯ ಕ್ಲಿನಿಕ್ಕಿಗೆ. ಅಲ್ಲಿ ಕಾಲುಚೀಲ ಬಿಚ್ಚಿಸಿ ನೋಡುವವರಿರಬೇಕು.

ನೋಡುವ ಸಲಕರಣೆಯೂ ಅಗ್ಗ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಮಾನೋಫಿಲಮೆಂಟ್. ಅದು ಮುಟ್ಟಿದ್ದು ಪಾದಕ್ಕೆ ಗೊತ್ತಾಗುತ್ತದೋ ಇಲ್ಲವೋ ಎಂದು ನೋಡುವುದು. ಹತ್ತು ಜನರ ಪಾದ ಮುಟ್ಟಿದ ಮೇಲೆ ಅದಕ್ಕೆ 24 ಗಂಟೆ ವಿಶ್ರಾಂತಿ ಕೊಡಬೇಕು ಎಂಬ ನಿಯಮವಿದೆ. ನರ್ಸುಗಳಿಗೆ ಅಷ್ಟು ಸಿಕ್ಕರೆ ಸಾಕಿತ್ತು!

ಆ ಎಳೆಯೂ ಬೇಡ, ನಿಮ್ಮ ತೋರುಬೆರಳು ಸಾಕು. ಮನೆಯಲ್ಲಿ ಶುಗರ್ ಇರುವವರಿದ್ದರೆ, ನಡೆಯುವಾಗ ಹವಾಯಿ ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ ಎಂದು ಅವರು ಹೇಳಿದ್ದರಂತೂ, ಇವತ್ತೇ ಕಣ್ಣು ಮುಚ್ಚಿ ಕೂರಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒತ್ತದೆ, ಸವರದೆ, ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ನಾಳೆಯೇ ಡಾಕ್ಟರಿಗೆ ಪಾದ ತೋರಿಸಿ.