ಹಳದಿ ದೀಪ ಮತ್ತು ಸಸ್ಪೆನ್ಸ್ ಅಕೌಂಟ್

ಪುತ್ತೂರು, ಸುಳ್ಯ, ಕಡಬದ ಕಡೆ ಜೂನ್ ತಿಂಗಳು ಬಂತೆಂದರೆ ಗ್ಯಾರೇಜ್‌ಗಳ ಮುಂದೆ ಸ್ಕೂಟರ್‌ಗಳ ಸಾಲು ಉದ್ದವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬರುತ್ತದೆ. ನನ್ನ ಮಾಮುವಿಗೆ ಒಂದು ಸಣ್ಣ ಟೂ ವೀಲರ್ ಗ್ಯಾರೇಜ್ ಇದೆ. ಕಾಲೇಜಿಗೆ ರಜೆ ಇದ್ದಾಗ ಅಲ್ಲಿ ಬಿಲ್ ಬರೆಯುವುದು, ಲೆಕ್ಕ ಇಡುವುದು ನನ್ನ ಕೆಲಸ. ಕಾಮರ್ಸ್ ಓದುವವರಿಗೆ ಗ್ಯಾರೇಜಿನಲ್ಲಿ ಕಲಿಯಲು ಏನಿದೆ ಎಂದು ಗೆಳೆಯರು ಕೇಳುತ್ತಾರೆ. ಬಹಳ ಇದೆ ಎಂದು ಹೇಳಲು ಈ ಲೇಖನ.

ಮೊದಲು ಗಾಡಿ ಕೆಟ್ಟರೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಪ್ಲಗ್ ಉಜ್ಜಿ ಹಾಕಿದರೆ ಅರ್ಧ ಕೆಲಸ ಮುಗಿಯುತ್ತಿತ್ತಂತೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂತು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎಲ್ಲ ಹೊಸ ಸ್ಕೂಟರ್, ಬೈಕುಗಳಿಗೂ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಈಗ ಇಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕು ಎಂದು ಲೆಕ್ಕ ಹಾಕುವುದು ಇಸಿಯು ಎಂಬ ಪುಟ್ಟ ಪೆಟ್ಟಿಗೆ. ಅದಕ್ಕೆ ವರದಿ ಕೊಡುವುದು ಸೆನ್ಸರ್‌ಗಳು. ಆಕ್ಸಿಲರೇಟರ್ ಎಷ್ಟು ತಿರುಗಿದೆ, ಇಂಜಿನ್ ಎಷ್ಟು ಬಿಸಿಯಾಗಿದೆ, ಕ್ರ್ಯಾಂಕ್ ಯಾವ ಜಾಗದಲ್ಲಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಒಂದೊಂದು ಸೆನ್ಸರ್ ಒಂದೊಂದು ವಿಷಯ ಹೇಳುತ್ತದೆ. ಯಾವುದಾದರೂ ವರದಿ ಸರಿ ಕಾಣದಿದ್ದರೆ ಇಸಿಯು ಮೀಟರಿನಲ್ಲಿ ಹಳದಿ ದೀಪ ಹೊತ್ತಿಸುತ್ತದೆ. ಸ್ಕ್ಯಾನರ್ ಹಾಕಿದರೆ ಒಂದು ಕೋಡ್ ತೋರಿಸುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಕೋಡ್‌ನಲ್ಲಿ ಯಾವ ಸೆನ್ಸರಿನ ಹೆಸರು ಬಂತೋ ಅದೇ ಹಾಳಾಗಿದೆ ಎಂದು ತುಂಬಾ ಜನ ತಿಳಿಯುತ್ತಾರೆ. ಆದರೆ ಕೋಡ್ ಹೇಳುವುದು ಅಷ್ಟನ್ನಲ್ಲ. ‘ಈ ಸೆನ್ಸರಿನ ಲೈನಿನಿಂದ ಬರುವ ವೋಲ್ಟೇಜ್ ಸರಿಯಿಲ್ಲ’ ಎಂದು ಮಾತ್ರ ಅದು ಹೇಳುತ್ತದೆ. ಸೆನ್ಸರ್ ಕೆಟ್ಟಿರಬಹುದು, ವಯರ್ ತುಂಡಾಗಿರಬಹುದು, ಕನೆಕ್ಟರಿಗೆ ನೀರು ಹೋಗಿ ಪಿನ್ನು ಹಸಿರುಗಟ್ಟಿರಬಹುದು, ಅರ್ತಿಂಗ್ ಸಡಿಲವಾಗಿರಬಹುದು.

ಇದನ್ನು ನೋಡಿದಾಗ ನನಗೆ ನೆನಪಾಗುವುದು ಟ್ರಯಲ್ ಬ್ಯಾಲೆನ್ಸ್. ಡೆಬಿಟ್, ಕ್ರೆಡಿಟ್ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಯಾವ ಪುಟದಲ್ಲಿ, ಯಾವ ಎಂಟ್ರಿಯಲ್ಲಿ ಎಂದು ಗೊತ್ತಾಗುವುದಿಲ್ಲ. ಆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿದರೆ ಪಟ್ಟಿ ತಾಳೆಯಾಗುತ್ತದೆ, ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ. ಪರೀಕ್ಷೆ ಮಾಡದೆ ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ ಗಾಡಿ ಕಳಿಸಿಕೊಡುವುದೂ ಹಾಗೆಯೇ. ದೀಪ ಆರುತ್ತದೆ, ಮೂರು ದಿನಕ್ಕೆ ಮತ್ತೆ ಹೊತ್ತುತ್ತದೆ.

ಕಳೆದ ಮಳೆಗಾಲದಲ್ಲಿ ಒಬ್ಬ ಅಣ್ಣ ಸ್ಕೂಟರ್ ತಂದರು. ಬೆಳಗ್ಗೆ ಬೇಗ ಬನ್ನು, ಬ್ರೆಡ್, ರಸ್ಕ್ ತುಂಬಿಸಿಕೊಂಡು ಉಪ್ಪಿನಂಗಡಿ–ಕಡಬ ರಸ್ತೆಯ ಸಣ್ಣ ಅಂಗಡಿಗಳಿಗೆ ಹಾಕುವುದು ಅವರ ದುಡಿಮೆ. ಮಳೆ ಬಂದರೆ, ಹೊಂಡಕ್ಕೆ ಚಕ್ರ ಇಳಿದರೆ ಇಂಜಿನ್ ಎಳೆಯುತ್ತಿರಲಿಲ್ಲ. ಕೆಲವೊಮ್ಮೆ ಆಫ್ ಆಗುತ್ತಿತ್ತು. ಬನ್ನು ತಡವಾಗಿ ತಲುಪಿದ ಎರಡು ಅಂಗಡಿಯವರು ಬೇರೆಯವರಿಂದ ತೆಗೆದುಕೊಳ್ಳಲು ಶುರು ಮಾಡಿದ್ದರು. ಅವರು ಮೊದಲು ತೋರಿಸಿದ ಕಡೆ ಥ್ರಾಟಲ್ ಸೆನ್ಸರ್ ಬದಲಿಸಿದ್ದರು. ದೀಪ ಮತ್ತೆ ಬಂದಾಗ ‘ಇಸಿಯು ಹೋಗಿದೆ’ ಎಂದಿದ್ದರಂತೆ. ಅದರ ಬೆಲೆ ಕೇಳಿ ಅಣ್ಣ ಗಾಡಿಯನ್ನೇ ಮಾರುವ ಯೋಚನೆಯಲ್ಲಿದ್ದರು.

ಮಾಮುವಿನ ಮಾತು ಯಾವಾಗಲೂ ಒಂದೇ: “ಪೈಲೆ ದೇಖೋ, ಬಾದ್ ಮೇ ಖೋಲೋ.” ಮೊದಲು ನೋಡು, ಆಮೇಲೆ ಬಿಚ್ಚು. ಅವರು ಮಲ್ಟಿಮೀಟರ್ ತೆಗೆದುಕೊಂಡು ಬ್ಯಾಟರಿಯಿಂದ ಶುರು ಮಾಡಿದರು. ಚಾರ್ಜ್ ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ 13.5ರಿಂದ 14.5ರ ಒಳಗಿರಬೇಕು. ಎರಡೂ ಸರಿ ಇತ್ತು. ಫ್ಯೂಸ್ ಸರಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಮೈನಸ್‌ಗೂ ಇಂಜಿನ್‌ನ ಲೋಹಕ್ಕೂ ನಡುವೆ ಮೀಟರ್ ಇಟ್ಟರೆ ಸೊನ್ನೆಯ ಹತ್ತಿರ ಬರಬೇಕು. ಬಂತು, ಅಂದರೆ ಅರ್ತಿಂಗ್ ಸರಿ. ಕನೆಕ್ಟರ್ ಒಣಗಿಯೇ ಇತ್ತು. ಸೆನ್ಸರಿಗೆ ಇಸಿಯುನಿಂದ 5 ವೋಲ್ಟ್ ಬರುತ್ತಿತ್ತು. ಆಕ್ಸಿಲರೇಟರ್ ಮೆಲ್ಲ ತಿರುಗಿಸಿದರೆ ಸಿಗ್ನಲ್ ವಯರಿನ ವೋಲ್ಟೇಜ್ ಒಂದೇ ಸಮನೆ ಏರುತ್ತಿತ್ತು. ಹಾಗಾದರೆ ಸೆನ್ಸರ್ ಚೆನ್ನಾಗಿಯೇ ಇದೆ.

ಆಮೇಲೆ ಮಾಮು ಮೀಟರಿನ ಮೇಲೆ ಕಣ್ಣಿಟ್ಟು, “ಬೇಟಾ, ಸೀಟಿನ ಮೇಲೆ ಕೂತು ಕುಲುಕಿಸು” ಎಂದರು. ನಾನು ಕುಲುಕಿಸಿದೆ. ವೋಲ್ಟೇಜ್ ಸೊನ್ನೆಗೆ ಬಿತ್ತು, ಮತ್ತೆ ಎದ್ದಿತು. ಸ್ಕೂಟರಿನಲ್ಲಿ ಇಂಜಿನ್ ಮತ್ತು ಹಿಂದಿನ ಚಕ್ರ ಒಟ್ಟಿಗೇ ಮೇಲೆ ಕೆಳಗೆ ಆಡುತ್ತವೆ. ಬಾಡಿಯಿಂದ ಇಂಜಿನ್‌ಗೆ ಹೋಗುವ ವಯರುಗಳು ಪ್ರತಿ ಹೊಂಡಕ್ಕೂ ಬಾಗುತ್ತವೆ. ಅಲ್ಲಿ ಸಿಗ್ನಲ್ ವಯರ್ ಫ್ರೇಮಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿತ್ತು. ಗಾಡಿ ಹಾರಿದಾಗ ತಾಮ್ರ ಫ್ರೇಮಿಗೆ ತಾಗುತ್ತಿತ್ತು. ಮಳೆ ಬಂದರೆ ನೀರೂ ಅಲ್ಲಿ ಸೇರುತ್ತಿತ್ತು. ಕೆಟ್ಟ ತುಂಡು ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ, ಅಂಚಿನಿಂದ ದೂರಕ್ಕೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದರು. ಆ ಮಳೆಗಾಲ ಮುಗಿಯುವ ತನಕ ಅಣ್ಣನ ಸ್ಕೂಟರಿನಲ್ಲಿ ದೀಪ ಬರಲಿಲ್ಲ.

ಬಿಲ್ ಬರೆಯುವಾಗ ನನ್ನ ಪೆನ್ನು ನಿಂತಿತು. ಸಾಮಾನಿಗೆ ಇಪ್ಪತ್ತು ರೂಪಾಯಿ. ಹುಡುಕಲು ಹಿಡಿದದ್ದು ಎರಡೂವರೆ ಗಂಟೆ. ಮಾಮು ಮಜೂರಿ ಮುನ್ನೂರು ಬರೆಯಲು ಹೇಳಿದರು. ಅಣ್ಣ ಮಾತಿಲ್ಲದೆ ಕೊಟ್ಟರು, ಒಂದು ಪ್ಯಾಕೆಟ್ ರಸ್ಕ್ ಕೂಡ ಇಟ್ಟು ಹೋದರು. ಎಲ್ಲರೂ ಹಾಗಿಲ್ಲ. “ಒಂದು ವಯರ್ ಜೋಡಿಸಿದ್ದಕ್ಕೆ ಇಷ್ಟಾ ಭಾಯಿ?” ಎಂದು ಕೇಳುವವರೇ ಜಾಸ್ತಿ. ಎರಡು ಸಾವಿರದ ಪಾರ್ಟ್ ಹಾಕಿದರೆ ಡಬ್ಬಿ ಕೈಯಲ್ಲಿರುತ್ತದೆ, ಆದ್ದರಿಂದ ಚೌಕಾಸಿ ಇಲ್ಲ. ಹುಡುಕಿದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹುಡುಕುವವನಿಗೆ ಕೂಲಿ ಸಿಗದಿದ್ದರೆ ಅವನೂ ಪಾರ್ಟ್ ಮಾರಲು ಕಲಿಯುತ್ತಾನೆ. ಆಗ ನಷ್ಟ ಗಿರಾಕಿಗೇ. ನಾಳೆ ನಮ್ಮಲ್ಲಿ ಕೆಲವರು ಆಡಿಟರ್ ಆಗುವವರು, ಅಕೌಂಟೆಂಟ್ ಆಗುವವರು. ನಾವು ಮಾರುವುದೂ ಹುಡುಕುವ ಕೆಲಸವನ್ನೇ. ಇದನ್ನು ಈಗಲೇ ತಿಳಿದಿದ್ದರೆ ಒಳ್ಳೆಯದು.

ಕಾಲೇಜಿಗೆ ಗಾಡಿಯಲ್ಲಿ ಬರುವ ಉಪನ್ಯಾಸಕರಿಗೆ, ಮನೆಯಲ್ಲಿ ಗಾಡಿ ಇರುವ ಗೆಳೆಯರಿಗೆ ಕೆಲವು ಮಾತು. ಸ್ಟಾರ್ಟ್ ಆಗದಿದ್ದರೆ ಮೊದಲು ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಫ್ಯೂಸ್ ನೋಡಿ. ಜೋರು ಪ್ರೆಶರಿನ ನೀರನ್ನು ಸೀಟಿನ ಕೆಳಗಿನ ಕನೆಕ್ಟರುಗಳಿಗೆ ಬಿಡಬೇಡಿ. ಹೆಚ್ಚುವರಿ ಹಾರನ್, ಬಣ್ಣದ ಲೈಟ್‌ಗಾಗಿ ಕಂಪನಿ ವಯರನ್ನು ಕತ್ತರಿಸಿ ಜೋಡಿಸಬೇಡಿ. ಶೆಡ್ಡಿನಲ್ಲಿ ಇಲಿ ಇದ್ದರೆ ವಯರುಗಳನ್ನು ಆಗಾಗ ನೋಡಿ. ಹಳದಿ ದೀಪ ಬಂದರೆ ಮೆಕ್ಯಾನಿಕ್ ಹತ್ತಿರ “ಯಾವ ಪಾರ್ಟ್ ಹಾಕಬೇಕು?” ಎಂದು ಕೇಳುವ ಮೊದಲು “ಏನೇನು ಅಳೆದು ನೋಡಿದಿರಿ?” ಎಂದು ಕೇಳಿ. ಅಳೆದು ನೋಡಿದವರಿಗೆ ಅವರ ಕೂಲಿಯನ್ನು ಸಂತೋಷದಿಂದ ಕೊಡಿ.